ಆಕಾಶದಲ್ಲೊಂದು ಲೀಸ್ ಕಟ್ಟಡ: ಜಿಸ್ಯಾಟ್-24ರ ಲೆಕ್ಕ



ಉಪಗ್ರಹ ಎಂದ ಕೂಡಲೇ ನಮ್ಮ ಕಾಲೇಜಿನಲ್ಲಿ ಎಲ್ಲರೂ ಸೈನ್ಸ್ ವಿಭಾಗದ ಕಡೆ ನೋಡುತ್ತಾರೆ. ರಾಕೆಟ್, ಕಕ್ಷೆ, ಗುರುತ್ವಾಕರ್ಷಣೆ ಎಲ್ಲ ಅವರ ವಿಷಯ, ಕಾಮರ್ಸ್‌ನವರಿಗೆ ಜರ್ನಲ್, ಲೆಡ್ಜರ್ ಸಾಕು ಎಂಬ ಮಾತಿದೆ. ಆದರೆ ಸಂವಹನ ಉಪಗ್ರಹವನ್ನು ನಮ್ಮ ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಅದು ಒಂದು ಸ್ಥಿರಾಸ್ತಿ. ಅದಕ್ಕೆ ಬೆಲೆ ಇದೆ, ಆಯಸ್ಸು ಇದೆ, ಸವಕಳಿ ಇದೆ. ಅದನ್ನು ಬಾಡಿಗೆಗೆ ಕೊಡುತ್ತಾರೆ, ಕರಾರು ಬರೆಯುತ್ತಾರೆ, ವಿಮೆ ಮಾಡಿಸುತ್ತಾರೆ. ಅದನ್ನು ನಡೆಸುವ ಸರ್ಕಾರಿ ಕಂಪನಿಯ ಮುಖ್ಯ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಈ ಲೇಖನದಲ್ಲಿ ಜಿಸ್ಯಾಟ್-24 ಎಂಬ ಒಂದೇ ಉಪಗ್ರಹವನ್ನು ತೆಗೆದುಕೊಂಡು, ಮೊದಲು ಅದು ಹೇಗೆ ಕೆಲಸ ಮಾಡುತ್ತದೆ, ಆಮೇಲೆ ಅದರ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ನೋಡೋಣ.

1. ನಿಂತಂತೆ ಕಾಣುವ ಉಪಗ್ರಹ

ಭೂಮಿಯನ್ನು ಸುತ್ತುವ ಯಾವುದೇ ವಸ್ತು ಎಷ್ಟು ಎತ್ತರದಲ್ಲಿ ಇರುತ್ತದೋ ಅಷ್ಟು ನಿಧಾನವಾಗಿ ಸುತ್ತುತ್ತದೆ. 400 ಕಿ.ಮೀ. ಎತ್ತರದಲ್ಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಒಂದು ಸುತ್ತಿಗೆ ಸುಮಾರು ಒಂದೂವರೆ ಗಂಟೆ ಸಾಕು. ಬಹಳ ದೂರದ ಚಂದ್ರನಿಗೆ 27 ದಿನಕ್ಕಿಂತ ಹೆಚ್ಚು ಬೇಕು. ಇವೆರಡರ ನಡುವೆ, ನೆಲದಿಂದ ಸುಮಾರು 35,786 ಕಿ.ಮೀ. ಎತ್ತರದಲ್ಲಿ, ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4 ಸೆಕೆಂಡು ಹಿಡಿಯುತ್ತದೆ. ಭೂಮಿ ತನ್ನ ಸುತ್ತ ತಾನು ಒಮ್ಮೆ ತಿರುಗಲು ತೆಗೆದುಕೊಳ್ಳುವ ಸಮಯವೂ ಅಷ್ಟೇ. ಹೀಗಾಗಿ ಭೂಮಧ್ಯರೇಖೆಯ ನೇರ ಮೇಲೆ ಆ ಎತ್ತರದಲ್ಲಿ ಪೂರ್ವದ ಕಡೆಗೆ ಸುತ್ತುವ ಉಪಗ್ರಹ ನಮಗೆ ಒಂದೇ ಜಾಗದಲ್ಲಿ ನಿಂತಂತೆ ಕಾಣುತ್ತದೆ. ಇದೇ ಭೂಸ್ಥಿರ ಕಕ್ಷೆ.

ನಿಂತಂತೆ ಕಾಣುತ್ತದೆ ಅಷ್ಟೇ, ನಿಜವಾಗಿ ನಿಂತಿಲ್ಲ. ಭೂಮಿಯ ಕೇಂದ್ರದಿಂದ ಅಳೆದರೆ ಕಕ್ಷೆಯ ತ್ರಿಜ್ಯ 42,164 ಕಿ.ಮೀ. ಪರಿಧಿ ಸುಮಾರು 2,64,900 ಕಿ.ಮೀ. ಅದನ್ನು 86,164 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 3.07 ಕಿ.ಮೀ. ಬರುತ್ತದೆ. ಅಂದರೆ ಆ ವೇಗದಲ್ಲಿ ಮಡಿವಾಳ ಚೆಕ್‌ಪೋಸ್ಟ್‌ನಿಂದ ಮೈಸೂರಿಗೆ ಒಂದು ನಿಮಿಷದೊಳಗೆ ತಲುಪಬಹುದು.

ಇಂಥ ಕಕ್ಷೆಯಲ್ಲಿ ಉಪಗ್ರಹ ಇಟ್ಟರೆ ಇಡೀ ಲೋಕಕ್ಕೆ ಸಂದೇಶ ಹಂಚಬಹುದು ಎಂದು ಆರ್ಥರ್ ಸಿ. ಕ್ಲಾರ್ಕ್ 1945ರಲ್ಲಿ ಒಂದು ಪತ್ರಿಕೆಯಲ್ಲಿ ಬರೆದರು. ಇಪ್ಪತ್ತು ವರ್ಷದ ನಂತರ, 1965ರ ಏಪ್ರಿಲ್ 6ರಂದು, ಅರ್ಲಿ ಬರ್ಡ್ ಎಂಬ ಹೆಸರಿನ ಇಂಟೆಲ್‌ಸ್ಯಾಟ್-1 ಹಾರಿತು. ಭೂಸ್ಥಿರ ಕಕ್ಷೆಯ ಮೊದಲ ವಾಣಿಜ್ಯ ಸಂವಹನ ಉಪಗ್ರಹ ಅದೇ. ಅದರಲ್ಲಿ ಒಟ್ಟಿಗೆ 240 ಟೆಲಿಫೋನ್ ಮಾತುಕತೆಗೆ ಜಾಗವಿತ್ತು.

2. ಮಡಿವಾಳದ ಛತ್ರಿ ಎತ್ತ ನೋಡುತ್ತದೆ?

ನಮ್ಮ ಮನೆಗಳಲ್ಲಿ ಡಿಶ್ ಆಂಟೆನಾಗೆ ‘ಛತ್ರಿ’ ಎನ್ನುತ್ತಾರೆ. ಮಡಿವಾಳದ ಯಾವ ತಾರಸಿಗೆ ಹತ್ತಿ ನೋಡಿದರೂ ಎಲ್ಲ ಛತ್ರಿಗಳೂ ಹೆಚ್ಚುಕಡಿಮೆ ದಕ್ಷಿಣಕ್ಕೇ ಮುಖ ಮಾಡಿರುತ್ತವೆ. ಕಾರಣ ಸರಳ. ಭೂಸ್ಥಿರ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ಮೇಲೆ ಇವೆ, ನಾವು ಅದರ ಉತ್ತರಕ್ಕೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ ಇದ್ದೇವೆ.

ಜಿಸ್ಯಾಟ್-24 ಇರುವುದು ಪೂರ್ವ ರೇಖಾಂಶ 83 ಡಿಗ್ರಿಯಲ್ಲಿ. ಮಡಿವಾಳ ಸುಮಾರು 77.6 ಡಿಗ್ರಿಯಲ್ಲಿದೆ. ಆದ್ದರಿಂದ ಉಪಗ್ರಹ ನಮಗೆ ದಕ್ಷಿಣದಿಂದ ಸ್ವಲ್ಪ ಪೂರ್ವಕ್ಕೆ ಸರಿದು ಕಾಣುತ್ತದೆ. ತ್ರಿಕೋನಮಿತಿಯಿಂದ ಲೆಕ್ಕ ಹಾಕಿದರೆ ದಿಗಂತದಿಂದ ಅದರ ಎತ್ತರದ ಕೋನ ಸುಮಾರು 73.5 ಡಿಗ್ರಿ, ಅಂದರೆ ಹತ್ತಿರಹತ್ತಿರ ತಲೆಯ ಮೇಲೆ. ದೆಹಲಿಯಲ್ಲಿ ಇದೇ ಉಪಗ್ರಹ ಸುಮಾರು 56 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. (ಛತ್ರಿಯ ಮುಖ ಅಷ್ಟೊಂದು ಮೇಲೆ ನೋಡುತ್ತಿರುವಂತೆ ನಮಗೆ ಕಾಣುವುದಿಲ್ಲ. ಅಲೆಗಳನ್ನು ಹಿಡಿಯುವ ಎಲ್‌ಎನ್‌ಬಿಯನ್ನು ನಡುವಿನಲ್ಲಿ ಇಡದೆ ಕೆಳಗಿನ ಕೋಲಿನ ತುದಿಗೆ ಕೂರಿಸಿರುವುದರಿಂದ, ತಟ್ಟೆಯನ್ನು ಕಡಿಮೆ ಓರೆ ಮಾಡಿದರೆ ಸಾಕಾಗುತ್ತದೆ.)

ಈ ಕೋನದಿಂದ ನಮ್ಮ ಏರಿಯಾಕ್ಕೆ ಒಂದು ಲಾಭವಿದೆ. ಇಲ್ಲಿ ಒಂದು ಮನೆಗೆ ಅಂಟಿಕೊಂಡಂತೆ ಇನ್ನೊಂದು ಪಿಜಿ ಕಟ್ಟಡ ಏಳುತ್ತದೆ. ದಕ್ಷಿಣಕ್ಕೆ ನಮ್ಮ ತಾರಸಿಗಿಂತ 12 ಮೀಟರ್ ಎತ್ತರದ ಕಟ್ಟಡ ಬಂದಿತು ಎಂದಿಟ್ಟುಕೊಳ್ಳಿ. 73.5 ಡಿಗ್ರಿಯ ಟ್ಯಾನ್ ಬೆಲೆ ಸುಮಾರು 3.4. 12ನ್ನು 3.4ರಿಂದ ಭಾಗಿಸಿದರೆ ಮೂರೂವರೆ ಮೀಟರ್. ಗೋಡೆಯಿಂದ ಅಷ್ಟು ದೂರ ಛತ್ರಿ ಇಟ್ಟರೆ ಸಿಗ್ನಲ್ ಬರುತ್ತದೆ. ದೆಹಲಿಯ ಗಲ್ಲಿಯಲ್ಲಿ ಇದೇ ಲೆಕ್ಕಕ್ಕೆ ಎಂಟು ಮೀಟರ್ ಬೇಕು.

ಮಡಿವಾಳದಿಂದ ಉಪಗ್ರಹಕ್ಕೆ ನೇರ ದೂರ ಸುಮಾರು 36,000 ಕಿ.ಮೀ. ರೇಡಿಯೊ ಅಲೆ ಸೆಕೆಂಡಿಗೆ 3 ಲಕ್ಷ ಕಿ.ಮೀ. ಹೋಗುತ್ತದೆ. ಮೇಲೆ ಹೋಗಿ ಕೆಳಗೆ ಬರಲು 72,000 ಕಿ.ಮೀ., ಅಂದರೆ 0.24 ಸೆಕೆಂಡು. ಟಿವಿ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಫೋನಿನಲ್ಲಿ ಮಾತಾಡಿದರೆ ಗೊತ್ತಾಗುತ್ತದೆ. ನಾವು ‘ಹಲೋ’ ಎಂದ ಮೇಲೆ ಆ ಕಡೆಯ ‘ಹಲೋ’ ಬರಲು ಅರ್ಧ ಸೆಕೆಂಡು ಬೇಕು. ಅದಕ್ಕೇ ಉಪಗ್ರಹದ ಮೂಲಕ ಮಾತಾಡುವ ಕರೆಗಳಲ್ಲಿ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸುವುದು ನಡೆಯುತ್ತದೆ.

3. ಒಳಗೆ ಏನಿದೆ?

ಸಂವಹನ ಉಪಗ್ರಹದ ಮುಖ್ಯ ಭಾಗಕ್ಕೆ ಟ್ರಾನ್ಸ್‌ಪಾಂಡರ್ ಎನ್ನುತ್ತಾರೆ. ಅದರ ಕೆಲಸ ಮೂರು: ಕೆಳಗಿನಿಂದ ಬಂದ ದುರ್ಬಲ ಸಿಗ್ನಲ್ ಹಿಡಿಯುವುದು, ಅದರ ತರಂಗಾಂತರ ಬದಲಿಸುವುದು, ಬಲಪಡಿಸಿ ಮತ್ತೆ ಕೆಳಗೆ ಕಳಿಸುವುದು. ತರಂಗಾಂತರ ಬದಲಿಸದಿದ್ದರೆ ಜೋರಾಗಿ ಹೊರಡುವ ಸಿಗ್ನಲ್, ಮೆಲ್ಲಗೆ ಬರುವ ಸಿಗ್ನಲನ್ನು ಮುಳುಗಿಸಿಬಿಡುತ್ತದೆ. ಜಿಸ್ಯಾಟ್-24ರಲ್ಲಿ ಕೆಯು ಬ್ಯಾಂಡಿನ 24 ಟ್ರಾನ್ಸ್‌ಪಾಂಡರ್‌ಗಳಿವೆ. ಇಡೀ ಭಾರತ ಅದರ ವ್ಯಾಪ್ತಿಯಲ್ಲಿದೆ.

ಕೆಯು ಬ್ಯಾಂಡಿನಲ್ಲಿ ಕೆಳಗೆ ಬರುವ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಅಲೆ ಚಿಕ್ಕದಾದಷ್ಟೂ ಚಿಕ್ಕ ಛತ್ರಿ ಸಾಕು, ಆದ್ದರಿಂದ ಮನೆಮನೆಗೆ ಕೂರಿಸಬಹುದು. ಆದರೆ ಚಿಕ್ಕ ಅಲೆಯನ್ನು ಮಳೆಹನಿಗಳು ಸುಲಭವಾಗಿ ನುಂಗುತ್ತವೆ. ಜೋರು ಮಳೆ ಬಂದಾಗ ಕ್ರಿಕೆಟ್ ಮ್ಯಾಚಿನ ಕೊನೆಯ ಓವರಿನಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು ನಿಲ್ಲುವುದಕ್ಕೆ ಕಾರಣ ಇದೇ.

ಸೂರ್ಯನಿಂದಲೂ ತೊಂದರೆ ಉಂಟು. ವರ್ಷಕ್ಕೆ ಎರಡು ಬಾರಿ, ಮಾರ್ಚ್ ಮತ್ತು ಅಕ್ಟೋಬರ್ ಆಸುಪಾಸಿನ ಕೆಲವು ದಿನ, ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಆಗ ಛತ್ರಿಗೆ ಸೂರ್ಯನ ರೇಡಿಯೊ ಗದ್ದಲವೇ ಕೇಳಿಸುತ್ತದೆ, ಕೆಲವು ನಿಮಿಷ ಸಂಪರ್ಕ ತಪ್ಪುತ್ತದೆ. ಕಾಮರ್ಸ್‌ನವರಿಗೆ ಇದರಲ್ಲೊಂದು ವಿಷಯವಿದೆ: ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ 1994ರಲ್ಲಿ ಆರಂಭವಾದಾಗ ದೇಶದ ಬ್ರೋಕರುಗಳನ್ನು ಜೋಡಿಸಿದ್ದು ಚಿಕ್ಕ ಛತ್ರಿಗಳ ಮೂಲಕ, ಉಪಗ್ರಹದ ಮೇಲೆ. ಆದ್ದರಿಂದ ಈ ದಿನಗಳಲ್ಲಿ ಷೇರು ವಹಿವಾಟನ್ನೇ ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದರು.

4. ಈ ಕಥೆಯಲ್ಲಿ ಕರ್ನಾಟಕ

ಉಪಗ್ರಹದಿಂದ ಕನ್ನಡ ಮೊದಲು ಕೇಳಿಸಿದ್ದು ಬೆಂಗಳೂರಿನಲ್ಲಿ ಅಲ್ಲ, ಹಳ್ಳಿಗಳಲ್ಲಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೋ ‘ಸೈಟ್’ ಎಂಬ ಪ್ರಯೋಗ ನಡೆಸಿತು. ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತಲುಪಿತು. ಕರ್ನಾಟಕದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಇದರಲ್ಲಿದ್ದವು. ಕೃಷಿ, ಆರೋಗ್ಯ, ಮಕ್ಕಳ ಪಾಠ ಮುಖ್ಯ ವಿಷಯಗಳಾಗಿದ್ದವು.

ನಂತರ 1981ರ ಜೂನ್ 19ರಂದು ನಮ್ಮದೇ ಪ್ರಯೋಗಾತ್ಮಕ ಉಪಗ್ರಹ ಆ್ಯಪಲ್ ಹಾರಿತು. ಎತ್ತಿನ ಗಾಡಿಯ ಮೇಲೆ ಉಪಗ್ರಹ ಕೂತಿರುವ ಪ್ರಸಿದ್ಧ ಫೋಟೊ ನೀವು ನೋಡಿರಬಹುದು. ಅದು ಬಡತನದ ಚಿತ್ರ ಎಂದು ಹಲವರು ಹೇಳುತ್ತಾರೆ. ನಿಜ ಬೇರೆ. ಆಂಟೆನಾ ಪರೀಕ್ಷೆಗೆ ಬಯಲಿನಲ್ಲಿ ಲೋಹ ಇಲ್ಲದ ವೇದಿಕೆ ಬೇಕಿತ್ತು, ಮರದ ಗಾಡಿ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಕಡಿಮೆ ಖರ್ಚಿನಲ್ಲಿ ಸರಿಯಾದ ಉಪಕರಣ ಹುಡುಕಿದ ಉದಾಹರಣೆ ಎಂದು ಅದನ್ನು ನೋಡಬೇಕು.

1982ರಲ್ಲಿ ಹಾಸನದ ಸಾಲಗಾಮೆ ರಸ್ತೆಯಲ್ಲಿ ಮುಖ್ಯ ನಿಯಂತ್ರಣ ಕೇಂದ್ರ ಕೆಲಸ ಆರಂಭಿಸಿತು. ನಮ್ಮ ಭೂಸ್ಥಿರ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಹಿಡಿದಿಡುವುದು ಅಲ್ಲಿಂದಲೇ. ಭೋಪಾಲದಲ್ಲಿ ಇನ್ನೊಂದು ಕೇಂದ್ರ 2005ರಲ್ಲಿ ಬಂತು. ಅಮೆರಿಕದ ಕಂಪನಿ ಕಟ್ಟಿಕೊಟ್ಟ ಇನ್ಸಾಟ್-1ಎ 1982ರ ಏಪ್ರಿಲ್ 10ರಂದು ಹಾರಿ, ಇಂಧನ ಮುಗಿದು ಸೆಪ್ಟೆಂಬರಿನಲ್ಲೇ ನಿಂತುಹೋಯಿತು. 1983ರ ಇನ್ಸಾಟ್-1ಬಿ ಚೆನ್ನಾಗಿ ದುಡಿಯಿತು. 1992ರ ಇನ್ಸಾಟ್-2ಎಯಿಂದ ಬೆಂಗಳೂರಿನಲ್ಲೇ ಕಟ್ಟುವ ಕೆಲಸ ಶುರುವಾಯಿತು. ಆ ಕೇಂದ್ರಕ್ಕೆ ಈಗ ಉಡುಪಿಯ ಅದಮಾರಿನಲ್ಲಿ ಹುಟ್ಟಿದ ವಿಜ್ಞಾನಿ ಯು.ಆರ್. ರಾವ್ ಅವರ ಹೆಸರಿದೆ.

ಬೆಂಗಳೂರು ಹೊರದೇಶದ ಗಿರಾಕಿಗಳಿಗೂ ಸಂವಹನ ಉಪಗ್ರಹ ಕಟ್ಟಿದೆ. ಇಸ್ರೋದ ವ್ಯಾಪಾರ ಸಂಸ್ಥೆ ಆ್ಯಂಟ್ರಿಕ್ಸ್, ಯುರೋಪಿನ ಆಸ್ಟ್ರಿಯಂ ಜೊತೆ ಸೇರಿ ಎರಡು ಉಪಗ್ರಹ ಕೊಟ್ಟಿತು. ಮೊದಲನೆಯದು ಯೂಟೆಲ್‌ಸ್ಯಾಟ್ ಕಂಪನಿಯ ಡಬ್ಲ್ಯು2ಎಂ. 2008ರ ಡಿಸೆಂಬರ್ 20ರಂದು ಹಾರಿದ ಅದರ ವಿದ್ಯುತ್ ವ್ಯವಸ್ಥೆ ಮರುತಿಂಗಳೇ ಕೆಟ್ಟಿತು. ಎರಡನೆಯದು ಬ್ರಿಟನ್ನಿನ ಅವಾಂತಿ ಕಂಪನಿಗೆ ಕಟ್ಟಿದ ಹೈಲಾಸ್-1. ಅದು 2010ರ ನವೆಂಬರಿನಲ್ಲಿ ಹಾರಿ ಸೇವೆ ಆರಂಭಿಸಿತು. ಒಂದು ಸೋಲು, ಒಂದು ಗೆಲುವು. ಈ ವ್ಯಾಪಾರದಲ್ಲಿ ವಿಮೆ ಏಕೆ ಬೇಕು ಎನ್ನುವುದಕ್ಕೆ ಬೇರೆ ಉದಾಹರಣೆ ಬೇಡ.

5. ಪಿಜಿ ಕಟ್ಟಡದ ಹೋಲಿಕೆ

ಈಗ ನಮ್ಮ ವಿಷಯಕ್ಕೆ ಬರೋಣ. ಮಡಿವಾಳದಲ್ಲಿ ಪಿಜಿ ನಡೆಸುವ ಎರಡು ಕ್ರಮ ನಮಗೆಲ್ಲ ಗೊತ್ತು.

ಒಂದು: ಮಾಲೀಕರು ಸ್ವಂತ ದುಡ್ಡಿನಲ್ಲಿ ಕಟ್ಟಡ ಕಟ್ಟುತ್ತಾರೆ. ಆಮೇಲೆ ‘ರೂಮು ಖಾಲಿ ಇದೆ’ ಎಂದು ಬೋರ್ಡು ಹಾಕಿ ಒಂದೊಂದು ಬೆಡ್ಡಿಗೂ ಜನ ಹುಡುಕುತ್ತಾರೆ. ತುಂಬಿದರೆ ಲಾಭ, ಖಾಲಿ ಉಳಿದರೆ ನಷ್ಟ. ಎರಡೂ ಮಾಲೀಕರದೇ.

ಎರಡು: ಪಿಜಿ ನಡೆಸುವವರು ಮೊದಲೇ ಬಂದು, ಇಷ್ಟು ರೂಮು ಹೀಗೆ ಕಟ್ಟಿಸಿ, ಇಡೀ ಕಟ್ಟಡ ನಾನೇ ಲೀಸಿಗೆ ತೆಗೆದುಕೊಳ್ಳುತ್ತೇನೆ ಎಂದು ಕರಾರು ಮಾಡಿಕೊಳ್ಳುತ್ತಾರೆ. ಆಮೇಲೆ ಪಾಯ ತೋಡುತ್ತಾರೆ. ಬೆಡ್ಡು ತುಂಬಿಸುವ ಚಿಂತೆ ನಡೆಸುವವರದು, ಮಾಲೀಕರಿಗೆ ಗೊತ್ತಾದ ಬಾಡಿಗೆ.

ಇಸ್ರೋ ಬಹಳ ವರ್ಷ ನಡೆದದ್ದು ಮೊದಲ ದಾರಿಯಲ್ಲಿ. ಸರ್ಕಾರ ಉಪಗ್ರಹ ಕಟ್ಟಿಸಿ ಮೇಲೆ ಕಳಿಸುತ್ತಿತ್ತು, ಆಮೇಲೆ ಟ್ರಾನ್ಸ್‌ಪಾಂಡರ್‌ಗಳನ್ನು ದೂರದರ್ಶನ, ಬ್ಯಾಂಕು, ಟಿವಿ ಕಂಪನಿಗಳಿಗೆ ಹಂಚುತ್ತಿತ್ತು. ಇದಕ್ಕೆ ಪೂರೈಕೆ ಆಧಾರಿತ ಮಾದರಿ ಎನ್ನಬಹುದು. 2019ರ ಮಾರ್ಚ್ 6ರಂದು ಬಾಹ್ಯಾಕಾಶ ಇಲಾಖೆಯ ಅಡಿಯಲ್ಲಿ ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್, ಅಂದರೆ ಎನ್‌ಎಸ್‌ಐಎಲ್, ಎಂಬ ಸರ್ಕಾರಿ ಕಂಪನಿ ಬೆಂಗಳೂರಿನಲ್ಲಿ ನೋಂದಣಿಯಾಯಿತು. 2020ರ ಜೂನ್‌ನಲ್ಲಿ ಬಂದ ಸುಧಾರಣೆಯ ಪ್ರಕಾರ ಗಿರಾಕಿಯ ಬೇಡಿಕೆ ಮೊದಲು, ಉಪಗ್ರಹ ಆಮೇಲೆ. ಇದು ಬೇಡಿಕೆ ಆಧಾರಿತ ಮಾದರಿ. ಕಟ್ಟುವುದು, ಹಾರಿಸುವುದು, ಒಡೆತನ, ನಿರ್ವಹಣೆ ಎಲ್ಲ ಕಂಪನಿಯ ಹೊಣೆ.

ಈ ಮಾದರಿಯ ಮೊದಲ ಉಪಗ್ರಹವೇ ಜಿಸ್ಯಾಟ್-24. ಇದರ ಇಡೀ ಸಾಮರ್ಥ್ಯವನ್ನು ಡಿಟಿಎಚ್ ಕಂಪನಿ ಟಾಟಾ ಪ್ಲೇಗೆ ಲೀಸಿಗೆ ಕೊಡಲಾಗಿದೆ. ತೂಕ 4,180 ಕೆ.ಜಿ. ಉದ್ದೇಶಿತ ಆಯಸ್ಸು 15 ವರ್ಷ. ಆಗ ನಮ್ಮ ಅತಿ ದೊಡ್ಡ ರಾಕೆಟ್ ಈ ಕಕ್ಷೆಯ ದಾರಿಗೆ ಎತ್ತಬಲ್ಲದ್ದು ಸುಮಾರು 4 ಟನ್. ಹಾಗಾಗಿ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೌರೂ ಎಂಬಲ್ಲಿಂದ, ಭಾರತೀಯ ಕಾಲಮಾನ 2022ರ ಜೂನ್ 23ರ ನಸುಕಿನಲ್ಲಿ, ಯುರೋಪಿನ ಆರಿಯಾನ್-5 ರಾಕೆಟ್ ಅದನ್ನು ಹೊತ್ತೊಯ್ದಿತು. ಅದೇ ರಾಕೆಟ್ಟಿನಲ್ಲಿ ಮಲೇಷ್ಯಾದ ಒಂದು ಉಪಗ್ರಹವೂ ಇತ್ತು, ಒಂದೇ ಟೆಂಪೋದಲ್ಲಿ ಇಬ್ಬರ ಸಾಮಾನು ಹೋದ ಹಾಗೆ. ರಾಕೆಟ್ ಬಿಟ್ಟ ಮೇಲೆ ಹಾಸನದವರು ಉಪಗ್ರಹದ ಸ್ವಂತ ಇಂಜಿನನ್ನು ಹಂತಹಂತವಾಗಿ ಉರಿಸಿ ಅಂತಿಮ ಕಕ್ಷೆಗೆ ಏರಿಸಿದರು.

ಅದೇ ತಿಂಗಳು ಕೇಂದ್ರ ಸಂಪುಟ ಇನ್ನೊಂದು ನಿರ್ಧಾರ ಮಾಡಿತು. ಆಕಾಶದಲ್ಲಿ ಆಗಲೇ ಇದ್ದ 10 ಸಂವಹನ ಉಪಗ್ರಹಗಳನ್ನು ಎನ್‌ಎಸ್‌ಐಎಲ್ ಹೆಸರಿಗೆ ವರ್ಗಾಯಿಸಲು ಒಪ್ಪಿಗೆ ಕೊಟ್ಟು, ಕಂಪನಿಯ ಅಧಿಕೃತ ಷೇರು ಬಂಡವಾಳವನ್ನು 1,000 ಕೋಟಿಯಿಂದ 7,500 ಕೋಟಿ ರೂಪಾಯಿಗೆ ಏರಿಸಿತು. ನಾವು ಪುಸ್ತಕದಲ್ಲಿ ಓದುವ ‘ಅಧಿಕೃತ ಬಂಡವಾಳ’ ಎಂಬ ಪದಕ್ಕೆ ಇಷ್ಟು ಎತ್ತರದ ಉದಾಹರಣೆ ಬೇರೆ ಸಿಗಲಾರದು!

6. ಸವಕಳಿಯ ಲೆಕ್ಕ

ಲಾರಿ ಹಳತಾದರೆ ಇಂಜಿನ್ ಬದಲಿಸಬಹುದು. ಭೂಸ್ಥಿರ ಉಪಗ್ರಹಕ್ಕೆ ಗ್ಯಾರೇಜ್ ಇಲ್ಲ. ಅದರ ಆಯಸ್ಸನ್ನು ಸಾಮಾನ್ಯವಾಗಿ ತೀರ್ಮಾನಿಸುವುದು ಇಂಧನ. ಚಂದ್ರ ಮತ್ತು ಸೂರ್ಯರ ಸೆಳೆತ ಉಪಗ್ರಹವನ್ನು ಮೆಲ್ಲಗೆ ಜಾಗದಿಂದ ಎಳೆಯುತ್ತಲೇ ಇರುತ್ತದೆ. ಅದನ್ನು ಮತ್ತೆ ಸರಿಯಾದ ಜಾಗಕ್ಕೆ ತಳ್ಳಲು ಸ್ವಲ್ಪ ಸ್ವಲ್ಪ ಇಂಧನ ಖರ್ಚಾಗುತ್ತದೆ. ಇದೇ 83 ಡಿಗ್ರಿಯ ಜಾಗಕ್ಕೆ 2012ರಲ್ಲಿ ಹೋದ ಜಿಸ್ಯಾಟ್-10ರ ತೂಕ ನೋಡಿ. ಹಾರುವಾಗ 3,400 ಕೆ.ಜಿ., ಇಂಧನ ಬಿಟ್ಟರೆ 1,498 ಕೆ.ಜಿ. ಅರ್ಧಕ್ಕಿಂತ ಹೆಚ್ಚು ಇಂಧನವೇ!

ಈಗ ಒಂದು ಉದಾಹರಣೆ. (ಕೆಳಗಿನ ಬೆಲೆ ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡದ್ದು, ಯಾವುದೇ ನಿಜವಾದ ಉಪಗ್ರಹದ ಬೆಲೆ ಅಲ್ಲ.)

ಉಪಗ್ರಹ, ಉಡಾವಣೆ, ವಿಮೆ ಸೇರಿ ಒಟ್ಟು ವೆಚ್ಚ: ರೂ. 900 ಕೋಟಿ
ಆಯಸ್ಸು: 15 ವರ್ಷ
ಗುಜರಿ ಮೌಲ್ಯ: ಸೊನ್ನೆ
ಸರಳ ರೇಖಾ ಪದ್ಧತಿಯಲ್ಲಿ ವಾರ್ಷಿಕ ಸವಕಳಿ: 900 ÷ 15 = ರೂ. 60 ಕೋಟಿ
24 ಟ್ರಾನ್ಸ್‌ಪಾಂಡರ್‌ಗೆ ಹಂಚಿದರೆ ಒಂದಕ್ಕೆ: 60 ÷ 24 = ರೂ. 2.5 ಕೋಟಿ

ಈಗ 6 ಟ್ರಾನ್ಸ್‌ಪಾಂಡರ್‌ಗೆ ಗಿರಾಕಿ ಸಿಗಲಿಲ್ಲ ಎಂದುಕೊಳ್ಳಿ. ಅದೇ 60 ಕೋಟಿಯನ್ನು 18ರ ಮೇಲೆ ಹೊರಿಸಬೇಕು. ಒಂದಕ್ಕೆ ಸುಮಾರು 3.33 ಕೋಟಿ. ಬಾಡಿಗೆ ಏರಿಸಿದರೆ ಗಿರಾಕಿ ಓಡುತ್ತಾನೆ, ಏರಿಸದಿದ್ದರೆ ನಷ್ಟ. ಖಾಲಿ ಇದ್ದ ಟ್ರಾನ್ಸ್‌ಪಾಂಡರ್‌ನ ಇಂದಿನ ದಿನವನ್ನು ನಾಳೆ ಮಾರಲು ಆಗುವುದಿಲ್ಲ, ಖಾಲಿ ಬೆಡ್ಡಿನ ಹಾಗೇ. ಬೇಡಿಕೆ ಮೊದಲು, ಉಪಗ್ರಹ ಆಮೇಲೆ ಎಂದು ಹೇಳುವ ಹಿಂದೆ ಇರುವ ಲೆಕ್ಕ ಇದು.

ಗುಜರಿ ಮೌಲ್ಯ ಸೊನ್ನೆ ಎಂದು ಏಕೆ ಬರೆದೆ? ಕೆಲಸ ಮುಗಿದ ಉಪಗ್ರಹವನ್ನು ಯಾರೂ ತೂಕಕ್ಕೆ ಹಾಕಿ ಕೊಳ್ಳುವುದಿಲ್ಲ. ಬದಲಿಗೆ ಕೊನೆಯ ಇಂಧನದಲ್ಲಿ ಅದನ್ನು ಇನ್ನೂ ಸುಮಾರು 300 ಕಿ.ಮೀ. ಮೇಲಕ್ಕೆ, ‘ಸ್ಮಶಾನ ಕಕ್ಷೆ’ಗೆ, ತಳ್ಳಬೇಕು. ಇನ್ನೂ ದುಡಿಯಬಹುದಾದ ಕೆಲವು ತಿಂಗಳನ್ನು ಬಿಟ್ಟುಕೊಟ್ಟು ಈ ಇಂಧನ ಉಳಿಸಬೇಕು. ಏಕೆಂದರೆ ಭೂಸ್ಥಿರ ಕಕ್ಷೆ ಒಂದೇ ಒಂದು. ಅಲ್ಲಿನ ಜಾಗ ಮತ್ತು ತರಂಗಾಂತರ ಹಂಚಿಕೆಯ ನಿಯಮ ನೋಡಿಕೊಳ್ಳುವುದು ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. 1976ರ ಡಿಸೆಂಬರಿನಲ್ಲಿ ಭೂಮಧ್ಯರೇಖೆಯ ಎಂಟು ದೇಶಗಳು ಬೊಗೋಟಾದಲ್ಲಿ ಸೇರಿ, ನಮ್ಮ ನೆಲದ ಮೇಲಿನ ಕಕ್ಷೆ ನಮ್ಮದೇ ಎಂದು ಘೋಷಿಸಿದವು. ಉಳಿದ ಲೋಕ ಒಪ್ಪಲಿಲ್ಲ. ಸೈಟಿನ ಜಗಳ ಆಕಾಶದಲ್ಲೂ ತಪ್ಪಿಲ್ಲ ನೋಡಿ.

7. ಛತ್ರಿಯ ಮುಂದಿನ ದಿನಗಳು

ಇಲ್ಲಿವರೆಗಿನ ಲೆಕ್ಕ ನೋಡಿದರೆ ಜಿಸ್ಯಾಟ್-24ರ ಮಾಲೀಕರು ಜಾಣರು ಎನಿಸುತ್ತದೆ. ಆದರೆ ಲೀಸಿನಲ್ಲಿ ಅಪಾಯ ಮಾಯವಾಗುವುದಿಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ವರದಿಗಳ ಪ್ರಕಾರ ದುಡ್ಡು ಕೊಟ್ಟು ಡಿಟಿಎಚ್ ನೋಡುವವರು 2021ರಲ್ಲಿ ಸುಮಾರು 7 ಕೋಟಿ ಇದ್ದರು. 2025ರ ಹೊತ್ತಿಗೆ ಆ ಸಂಖ್ಯೆ 6 ಕೋಟಿಗಿಂತ ಕೆಳಗೆ ಇಳಿಯಿತು. ಒಂದು ಕಡೆ ದೂರದರ್ಶನದ ಉಚಿತ ಡಿಶ್, ಇನ್ನೊಂದು ಕಡೆ ಮೊಬೈಲ್ ಮತ್ತು ಫೈಬರ್. ಉಪಗ್ರಹದ ಆಯಸ್ಸು 15 ವರ್ಷ, ಜನರ ಅಭ್ಯಾಸ ಮೂರು ವರ್ಷದಲ್ಲಿ ಬದಲಾಗುತ್ತದೆ.

ಇದು ನನಗೆ ಬರೀ ಅಂಕಿ ಅಲ್ಲ. ನಮ್ಮ ಮನೆಯಲ್ಲಿ ನನ್ನ ಚಾಚಾ ಹಲವು ವರ್ಷದಿಂದ ಛತ್ರಿ ಕೂರಿಸುವ ಕೆಲಸ ಮಾಡುತ್ತಾರೆ. ಹತ್ತನೇ ತರಗತಿ ಮುಗಿಸದ ಅವರು ದಿಕ್ಸೂಚಿ ಹಿಡಿದು ಕೋನ ಹೇಳುತ್ತಾರೆ. ಮೇಲೆ ನಾನು ತ್ರಿಕೋನಮಿತಿಯಿಂದ ತೆಗೆದ ದಿಕ್ಕನ್ನು ಅವರಿಗೆ ತೋರಿಸಿದಾಗ, ‘ಬೇಟಾ, ಇದು ನನ್ನ ಕೈಗೆ ಗೊತ್ತು’ ಎಂದು ನಕ್ಕರು. ಹಿಂದೆ ಹಬ್ಬದ ಮುಂಚೆ, ಕ್ರಿಕೆಟ್ ವಿಶ್ವಕಪ್ ಮುಂಚೆ ಅವರಿಗೆ ಊಟಕ್ಕೆ ಬಿಡುವಿರುತ್ತಿರಲಿಲ್ಲ. ಈಗ ಮಡಿವಾಳ, ಬಿಟಿಎಂ ಕಡೆಯಿಂದ ಬರುವ ಕರೆಗಳಲ್ಲಿ ಹೆಚ್ಚಿನವು ಛತ್ರಿ ಬಿಚ್ಚಿ ಕೊಡಿ ಎಂಬವು. ಹೊಸದಾಗಿ ಕೂರಿಸುವ ಕೆಲಸ ಕನಕಪುರ, ಆನೇಕಲ್ ಕಡೆಯ ಹಳ್ಳಿಗಳಲ್ಲಿ ಇದೆ. ಪೆಟ್ರೋಲ್ ಖರ್ಚು ಕಳೆದರೆ ಉಳಿಯುವುದು ಕಡಿಮೆ. ನನ್ನ ಮತ್ತು ನನ್ನ ತಂಗಿಯ ಫೀಸಿನ ಒಂದು ಪಾಲು ಆ ದುಡಿಮೆಯಿಂದ ಬರುತ್ತದೆ. ಆದ್ದರಿಂದ ಉಪಗ್ರಹದ ವ್ಯಾಪಾರ ಉಳಿಯುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ನಾನು ಪರೀಕ್ಷೆಗಾಗಿ ಕೇಳುತ್ತಿಲ್ಲ.

ಉತ್ತರವನ್ನು ಅರ್ಥಶಾಸ್ತ್ರದ ಪಾಠದಿಂದ ಹುಡುಕೋಣ. ಉಪಗ್ರಹಕ್ಕೆ ಸ್ಥಿರ ವೆಚ್ಚ ಬಹಳ ದೊಡ್ಡದು. ಆದರೆ ಮೇಲಿನಿಂದ ಬರುವ ಅದೇ ಸಿಗ್ನಲನ್ನು ಒಬ್ಬರು ನೋಡಿದರೂ ಒಂದು ಕೋಟಿ ಜನ ನೋಡಿದರೂ ಉಪಗ್ರಹದ ಖರ್ಚು ಬದಲಾಗುವುದಿಲ್ಲ. ಇನ್ನೊಬ್ಬ ವೀಕ್ಷಕನಿಗೆ ಬೇಕಾದ್ದು ಒಂದು ಛತ್ರಿ ಅಷ್ಟೇ. ಫೈಬರಿಗೆ ಹಾಗಲ್ಲ, ಪ್ರತಿ ಮನೆಗೂ ತಂತಿ ಎಳೆಯಬೇಕು. ಐವತ್ತು ರೂಮಿನ ಪಿಜಿಗೆ ಒಂದು ತಂತಿ ಎಳೆದರೆ ಐವತ್ತು ಗಿರಾಕಿ ಸಿಗುತ್ತಾರೆ, ಅಲ್ಲಿ ಫೈಬರ್ ಗೆಲ್ಲುತ್ತದೆ. ಮಲೆನಾಡಿನ ತೋಟದ ನಡುವಿನ ಒಂಟಿ ಮನೆಗೆ ಕಿಲೋಮೀಟರುಗಟ್ಟಲೆ ತಂತಿ ಎಳೆದರೆ ಒಬ್ಬನೇ ಗಿರಾಕಿ, ಅಲ್ಲಿ ಛತ್ರಿ ಗೆಲ್ಲುತ್ತದೆ. ಹಡಗು, ವಿಮಾನ, ಪ್ರವಾಹದಲ್ಲಿ ತಂತಿ ಕಡಿದ ಊರು ಇವೂ ಉಪಗ್ರಹದ ಕಡೆಗೇ ಬರುತ್ತವೆ.

ಅಂದರೆ ಉಪಗ್ರಹದ ಕೆಲಸ ಮುಗಿದಿಲ್ಲ, ಅದರ ಗಿರಾಕಿ ಬದಲಾಗುತ್ತಿದ್ದಾನೆ. ಎನ್‌ಎಸ್‌ಐಎಲ್‌ನ ಮುಂದಿನ ಉಪಗ್ರಹ ಜಿಸ್ಯಾಟ್-ಎನ್2 ಇದನ್ನೇ ತೋರಿಸುತ್ತದೆ. 2024ರ ನವೆಂಬರ್ 19ರಂದು ಸ್ಪೇಸ್‌ಎಕ್ಸ್‌ನ ಫಾಲ್ಕನ್-9 ರಾಕೆಟ್ ಅಮೆರಿಕದಿಂದ ಅದನ್ನು ಒಯ್ದಿತು. ತೂಕ 4,700 ಕೆ.ಜಿ. ಅದರ ಮುಖ್ಯ ಕೆಲಸ ಟಿವಿ ಅಲ್ಲ, ಸೆಕೆಂಡಿಗೆ 48 ಗಿಗಾಬಿಟ್ ಇಂಟರ್ನೆಟ್. ಈಶಾನ್ಯ ರಾಜ್ಯಗಳು, ದ್ವೀಪಗಳು ಮತ್ತು ವಿಮಾನದ ಪ್ರಯಾಣಿಕರು ಅದರ ಗಿರಾಕಿಗಳು. ಇದಕ್ಕೂ ಎದುರಾಳಿ ಇದ್ದಾನೆ. ಸುಮಾರು 550 ಕಿ.ಮೀ. ಎತ್ತರದಲ್ಲಿ ಸಾವಿರಾರು ಚಿಕ್ಕ ಉಪಗ್ರಹಗಳು ಸುತ್ತುತ್ತಿವೆ. ಹತ್ತಿರ ಇರುವುದರಿಂದ ಅವುಗಳಲ್ಲಿ ಆ ಕಾಲು ಸೆಕೆಂಡಿನ ತಡ ಇಲ್ಲ. ಆದರೆ ಅವು ಓಡುತ್ತಿರುತ್ತವೆ, ಆದ್ದರಿಂದ ಒಂದೆರಡು ಸಾಲದು, ಸಾವಿರಾರು ಬೇಕು.

ಚಾಚಾ ಈಗ ಫೈಬರ್ ಜೋಡಿಸುವ ಕೆಲಸ ಕಲಿಯುತ್ತಿದ್ದಾರೆ. ಕೂದಲಿನಷ್ಟು ತೆಳುವಾದ ಎರಡು ಎಳೆಗಳನ್ನು ಸೇರಿಸುವ ಯಂತ್ರವನ್ನು ಸದ್ಯ ದಿನದ ಬಾಡಿಗೆಗೆ ತರುತ್ತಾರೆ. ಸ್ವಂತ ಕೊಂಡರೆ ಎಷ್ಟು ತಿಂಗಳಲ್ಲಿ ದುಡ್ಡು ವಾಪಸ್ ಬರುತ್ತದೆ ಎಂದು ನನ್ನನ್ನು ಕೇಳಿದರು. ನಾವಿಬ್ಬರೂ ಕೂತು ಮಾಡಿದ ಲೆಕ್ಕವೂ ಮೇಲಿನ 900 ಕೋಟಿಯ ಲೆಕ್ಕವೂ ಒಂದೇ ಬಗೆಯದು, ಸೊನ್ನೆಗಳು ಮಾತ್ರ ಕಡಿಮೆ. ತಿಂಗಳಿಗೆ ಇಂತಿಷ್ಟು ದಿನ ಕೆಲಸ ಖಾತ್ರಿ ಎಂದು ಯಾರಾದರೂ ಮೊದಲೇ ಒಪ್ಪಿದರೆ ಮಾತ್ರ ಕೊಳ್ಳುವುದು ಎಂದು ತೀರ್ಮಾನ ಮಾಡಿದೆವು. ಬೇಡಿಕೆ ಮೊದಲು, ಯಂತ್ರ ಆಮೇಲೆ.

8. ಪದಗಳ ಪರಿಚಯ

ಉರ್ದು ಮನೆಮಾತಿನ ಸ್ನೇಹಿತರಿಗೆ ಸಹಾಯವಾಗಲಿ ಎಂದು ಕೆಲವು ಪದಗಳು:

ಉಪಗ್ರಹ – ಮಸ್ನೂಯಿ ಸಯ್ಯಾರಾ
ಕಕ್ಷೆ – ಮದಾರ್
ಬಾಡಿಗೆ – ಕಿರಾಯಾ
ಆಯಸ್ಸು – ಉಮ್ರ್
ವಿಮೆ – ಬೀಮಾ
ಕರಾರು, ಜಮಾ, ಖರ್ಚು, ಬಾಕಿ, ವಸೂಲಿ – ಇವಕ್ಕೆ ಬೇರೆ ಅರ್ಥ ಬರೆಯಬೇಕಿಲ್ಲ. ಲೆಕ್ಕದ ಪುಸ್ತಕದಲ್ಲಿ ಎರಡೂ ಭಾಷೆ ಹಳೆಯ ಪಾಲುದಾರರು.

9. ನೀವೇ ಮಾಡಿ ನೋಡಿ

1. ಮೇಲಿನ ಉದಾಹರಣೆಯ ಉಪಗ್ರಹಕ್ಕೆ ಇಂಧನ ಬೇಗ ಮುಗಿದು ಆಯಸ್ಸು 12 ವರ್ಷಕ್ಕೆ ಇಳಿಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ವಾರ್ಷಿಕ ಸವಕಳಿ ಎಷ್ಟು?
2. 550 ಕಿ.ಮೀ. ಎತ್ತರದ ಉಪಗ್ರಹ ನೇರ ತಲೆಯ ಮೇಲಿದ್ದರೆ ಸಿಗ್ನಲ್ ಹೋಗಿ ಬರಲು ಎಷ್ಟು ಸಮಯ?
3. ನಿಮ್ಮ ತಾರಸಿಯ ದಕ್ಷಿಣಕ್ಕೆ 18 ಮೀಟರ್ ಹೆಚ್ಚು ಎತ್ತರದ ಕಟ್ಟಡ ಇದೆ. ಗೋಡೆಯಿಂದ ಎಷ್ಟು ದೂರ ಛತ್ರಿ ಇಡಬೇಕು?
4. ಇಡೀ ಉಪಗ್ರಹವನ್ನು ಒಬ್ಬನೇ ಗಿರಾಕಿಗೆ ಕೊಡುವುದರಿಂದ ಮಾಲೀಕನಿಗೆ ಆಗುವ ಒಂದು ಲಾಭ, ಒಂದು ಅಪಾಯ ಬರೆಯಿರಿ.

ಉತ್ತರ: 1) ರೂ. 75 ಕೋಟಿ. 2) ಸುಮಾರು 0.004 ಸೆಕೆಂಡು. 3) ಸುಮಾರು 5.3 ಮೀಟರ್. 4) ಇದಕ್ಕೆ ಒಂದೇ ಉತ್ತರ ಇಲ್ಲ. ನಿಮ್ಮ ಬೀದಿಯಲ್ಲಿ ಪಿಜಿ ಕಟ್ಟಡವನ್ನು ಲೀಸಿಗೆ ಕೊಟ್ಟ ಮಾಲೀಕರು ಯಾರಾದರೂ ಇದ್ದರೆ ಅವರನ್ನು ಕೇಳಿ ಬರೆಯಿರಿ. ಅವರಿಗೆ ಎರಡೂ ಗೊತ್ತಿರುತ್ತದೆ.